ಅಳೂ ಪ್ಲೇಟಿನ ಬಿಲ್ಲೆ

ಔಷಧದ ಹಳೆಯ ಚೀಟಿ ಹುಡುಕಲೆಂದು ಮೇಜಿನ ಕೆಳಗಿನ ಖಾನೆ ಎಳೆದೆ. ಚೀಟಿ ಸಿಗಲಿಲ್ಲ, ಒಂದು ರಬ್ಬರಿನ ಬಿಲ್ಲೆ ಸಿಕ್ಕಿತು. ಒಂದೂವರೆ ಅಂಗುಲ ಅಗಲ, ನಡುವೆ ಕಾದ ಮೊಳೆಯಿಂದ ಚುಚ್ಚಿದಂಥ ಒಂದು ತೂತು, ಅಂಚು ಇಲಿ ಕಡಿದಂತೆ ಓರೆಕೋರೆ. ಹವಾಯಿ ಚಪ್ಪಲಿಯ ಹಿಮ್ಮಡದ ಕಡೆಯಿಂದ ಕತ್ತರಿಸಿದ್ದು. ಒಂದು ಬದಿಯಲ್ಲಿ ಚಪ್ಪಲಿಯ ಗೀರುಗಳು ಇನ್ನೂ ಇವೆ.

ಅದು ಏನೆಂದು ತಿಳಿಯಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಗೊಂದಲವಾದದ್ದು ಬಣ್ಣದಿಂದ. ನನ್ನ ನೆನಪಿನಲ್ಲಿ ಆ ಬಿಲ್ಲೆ ನೀಲಿ. ಐವತ್ತು ವರ್ಷಗಳಿಂದ ನೀಲಿ. ಅದರ ಕಥೆಯನ್ನು ಎಷ್ಟೋ ಸಲ ಎಷ್ಟೋ ಜನಕ್ಕೆ ಹೇಳಿದ್ದೇನೆ, ಪ್ರತಿಸಲವೂ “ನೀಲಿ ಚಪ್ಪಲಿ” ಎಂದೇ ಹೇಳಿದ್ದೇನೆ. ಈಗ ಅಂಗೈಯಲ್ಲಿ ಕುಳಿತಿರುವುದು ಹಸಿರು. ಮಾಸಿದ ಹಸಿರು, ಆದರೆ ಯಾವ ಬೆಳಕಿಗೆ ಹಿಡಿದರೂ ನೀಲಿಯಾಗಲು ಒಪ್ಪದ ಹಸಿರು.

ನಾನು ಹದಿನೇಳನೆಯ ವಯಸ್ಸಿನಿಂದ ದಿನಚರಿ ಬರೆಯುವವಳು. ದಿನಚರಿ ಬರೆಯುವವರಿಗೆ ನೆನಪು ಗಟ್ಟಿ ಇರುತ್ತದೆಂದು ಜನ ತಿಳಿದಿದ್ದಾರೆ. ನನ್ನ ಅನುಭವ ಬೇರೆ. ಬರೆದಿಟ್ಟೆವಲ್ಲ ಎಂಬ ಧೈರ್ಯದಲ್ಲಿ ನಾವು ಮರೆಯುತ್ತೇವೆ, ಬೇಕಾದಾಗ ತೆರೆದು ನೋಡಿದರೆ ಮುಖ್ಯವಾದದ್ದನ್ನು ಬರೆದಿರುವುದೇ ಇಲ್ಲ. ಈ ಬಿಲ್ಲೆಗೆ ಸಂಬಂಧಪಟ್ಟ ಅತಿ ದೊಡ್ಡ ದಿನದ ಬಗ್ಗೆ ನನ್ನ ದಿನಚರಿಯಲ್ಲಿರುವುದು ಇಷ್ಟು: “ಬಿಸಿಲು ಬಹಳ. ಶೇಂಗಾ ಹೋಳಿಗೆ. ತಲೆನೋವು.” ಆ ವಯಸ್ಸಿನಲ್ಲಿ ನನಗೆ ಹೋಳಿಗೆಯೇ ಚರಿತ್ರೆ ಎನಿಸಿರಬೇಕು.

ಆಗ ನಮ್ಮ ಮನೆ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿತ್ತು. ಈಗ ವಿಜಯಪುರ ಎನ್ನುವ ಊರನ್ನು ನಾವಾಗ ಬಿಜಾಪುರ ಎನ್ನುತ್ತಿದ್ದೆವು. ನಮ್ಮಿಂದ ನಾಲ್ಕು ಮನೆ ಆಚೆ ದಸ್ತಗೀರ ಕಾಕಾನ ಲೌಡ್‌ಸ್ಪೀಕರ್ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಗೋಣಿತಟ್ಟಿನ ಪರದೆ. ಊರಲ್ಲಿ ಎಲ್ಲರೂ ಅವನನ್ನು ಮೈಕಿನ ದಸ್ತಗೀರ ಎಂದೇ ಕರೆಯುತ್ತಿದ್ದರು. ಟಿಕೋಟಾ, ಬಬಲೇಶ್ವರ, ಘೋಣಸಗಿ, ಜೈನಾಪುರ, ಎಲ್ಲಿ ಮದುವೆಯಾದರೂ ಬಸ್ಸಿನ ಮೇಲೆ ಎರಡು ಹಾರ್ನು, ಒಂದು ಪೆಟ್ಟಿಗೆ, ಒಂದು ಬ್ಯಾಟರಿ ಏರಿಸಿಕೊಂಡು ಹೋಗುವವನು ಅವನು. ರೆಕಾರ್ಡುಗಳಿಗೆ ನಮ್ಮ ಕಡೆ ಪ್ಲೇಟು ಅನ್ನುತ್ತಿದ್ದರು. ಕಾಕಾನ ಹತ್ತಿರ ಎರಡು ಟ್ರಂಕು ಪ್ಲೇಟುಗಳಿದ್ದವು.

ಮದುವೆಯಲ್ಲಿ ಪ್ಲೇಟು ಹಾಕುವುದಕ್ಕೆ ಒಂದು ಕ್ರಮವಿತ್ತು. ಮುಂಜಾನೆ ದೇವರದು. ಅರಿಶಿನಕ್ಕೆ ಚೇಷ್ಟೆಯದು. ಊಟಕ್ಕೆ ಯಾವುದಾದರೂ ನಡೆಯುತ್ತಿತ್ತು, ಹುಗ್ಗಿ ಉಣ್ಣುವವರು ಹಾಡು ಕೇಳುವುದಿಲ್ಲ. ಕೊನೆಗೆ ಹೆಣ್ಣನ್ನು ಒಪ್ಪಿಸಿ ಕಳಿಸುವ ಹಾಡು. ಅದೇ ಕಾಕಾನ ಪರೀಕ್ಷೆ. ಒಪ್ಪಿಸುವ ಹೊತ್ತಿಗೆ ಮಂದಿ ಅಳದಿದ್ದರೆ ಹೆಣ್ಣಿನ ಕಡೆಯವರಿಗೆ ಅವಮಾನ. ಅವಮಾನವಾದವರು ಮುಂದಿನ ಮದುವೆಗೆ ಬೇರೆ ಮೈಕಿನವನನ್ನು ಕರೆಯುತ್ತಾರೆ.

ಇನ್ನು ಅಳೂ ಪ್ಲೇಟಿನ ಮಾತು. ಬಬಲೇಶ್ವರದಲ್ಲಿ ಒಬ್ಬ ಪರದೇಶದ ತರುಣ ಎರಡು ವರ್ಷ ಇದ್ದ. ರೈತರಿಗೆ ಬಿಳಿ ಕೋಳಿ ಸಾಕುವುದನ್ನು ಕಲಿಸಲು ಬಂದವನು. ಊರಿಗೆ ಹೋಗುವಾಗ ಒಂದು ರಟ್ಟಿನ ಡಬ್ಬಿಯಲ್ಲಿ ಏಳು ಸಣ್ಣ ಪ್ಲೇಟು ಬಿಟ್ಟುಹೋದ. ಮನೆಯ ಮಾಲೀಕರು ಅವನ್ನು ಕಾಕಾಗೆ ಕೊಟ್ಟರು. ಕಾಕಾ ಡಬ್ಬಿಯನ್ನು ಬಸ್ಸಿನ ಮೇಲೆ ಹಾಕಿಕೊಂಡು ಬಂದ. ನಮ್ಮ ಏಪ್ರಿಲ್ ಬಿಸಿಲು ನಿಮಗೆ ಗೊತ್ತು. ಬಿಜಾಪುರ ಮುಟ್ಟುವಷ್ಟರಲ್ಲಿ ಆರು ಪ್ಲೇಟು ಹಪ್ಪಳದ ಹಾಗೆ ಸೊಟ್ಟಗಾಗಿದ್ದವು. ಅವುಗಳ ನಡುವೆ ಅಡಗಿದ್ದ ಒಂದು ಮಾತ್ರ ಸಪಾಟಾಗಿ ಉಳಿಯಿತು. ಅದರ ನಡುವಿನ ಕಾಗದ ಕಾವಿಗೆ ಕಿತ್ತುಹೋಗಿತ್ತು. ಹಾಡಿದವರು ಯಾರು, ಹಾಡು ಯಾವುದು, ಒಂದೂ ತಿಳಿಯುವಂತಿರಲಿಲ್ಲ. ಇಂದಿಗೂ ನನಗೆ ತಿಳಿಯದು.

ಇನ್ನೊಂದು ತೊಡಕಿತ್ತು. ನಮ್ಮ ಪ್ಲೇಟುಗಳ ನಡುವೆ ಸಣ್ಣ ತೂತು, ಅದರ ನಡುವೆ ದೊಡ್ಡ ತೂತು. ಮಶೀನಿನ ಕಡ್ಡಿಗೆ ಹಾಕಿದರೆ ಬಾವಿಯಲ್ಲಿ ಬಿಟ್ಟ ಕೊಡದಂತೆ ಅತ್ತಿತ್ತ ಹೊಯ್ದಾಡುತ್ತಿತ್ತು. ಕಾಕಾ ಒಂದು ಹಳೆಯ ಹವಾಯಿ ಚಪ್ಪಲಿ ತೆಗೆದುಕೊಂಡು, ಪ್ಲೇಟಿನ ತೂತನ್ನೇ ಅದರ ಮೇಲಿಟ್ಟು ಗೆರೆ ಎಳೆದು, ಬಿಲ್ಲೆ ಕತ್ತರಿಸಿ ತೂತಿಗೆ ತುಂಬಿದ. ನೀಲಿ ಚಪ್ಪಲಿ. ಈಗಲೂ ಬರೆಯುವಾಗ ಕೈ ತಾನಾಗಿ ನೀಲಿ ಎಂದೇ ಬರೆಯುತ್ತಿದೆ ನೋಡಿ.

ಟಿಕೋಟಾದ ಒಂದು ಮದುವೆಯಲ್ಲಿ ಈ ಪ್ಲೇಟಿನ ಭಾಗ್ಯ ತೆರೆಯಿತು. ಬೇವಿನ ಗಿಡಕ್ಕೆ ಹಾರ್ನು ಕಟ್ಟಿದ್ದರು. ಹೆಣ್ಣು ಒಪ್ಪಿಸುವ ಹೊತ್ತಾಯಿತು. ವಾಡಿಕೆಯ ಪ್ಲೇಟು ತೆಗೆದರೆ ಅದೂ ಬಿಸಿಲಿಗೆ ಸೊಟ್ಟಗಾಗಿದೆ, ಮುಳ್ಳು ಅದರ ಮೇಲೆ ನಿಲ್ಲುತ್ತಿಲ್ಲ. ಹೆಣ್ಣು ಆಗಲೇ ಹೊಸ್ತಿಲು ದಾಟುತ್ತಿದ್ದಾಳೆ, ಮೈಕು ಬಾಯಿ ಮುಚ್ಚಿಕೊಂಡಿದೆ. ಕಾಕಾ ಕೈಗೆ ಸಿಕ್ಕ ಪ್ಲೇಟು ಹಾಕಿಬಿಟ್ಟ. ಅದು ಕೋಳಿಯವನ ಪ್ಲೇಟು. ಅದಕ್ಕೂ ಮೊದಲು ದೊಡ್ಡ ಪ್ಲೇಟು ಓಡುತ್ತಿದ್ದದ್ದರಿಂದ ವೇಗದ ಕೀಲಿ ನಿಮಿಷಕ್ಕೆ ಮೂವತ್ಮೂರು ಸುತ್ತಿನ ಮೇಲಿತ್ತು, ಸಣ್ಣ ಪ್ಲೇಟಿಗೆ ಬೇಕಾದದ್ದು ನಲವತ್ತೈದು. ಗಡಿಬಿಡಿಯಲ್ಲಿ ಅದನ್ನು ತಿರುಗಿಸುವುದು ಮರೆತ.

ಹಾರ್ನಿನಿಂದ ಒಬ್ಬ ಗಂಡಸಿನ ದನಿ ಇಳಿದು ಬಂತು. ದಪ್ಪ, ನಿಧಾನ, ಎದೆಯ ಕೆಳಗೆಲ್ಲೋ ಹುಟ್ಟಿ ಗಂಟಲಲ್ಲಿ ಒಡೆಯುವ ದನಿ. ಹಿಂದೆ ನಾಲ್ಕಾರು ಜನ ಸಣ್ಣಗೆ ನರಳುವಂತೆ ದನಿಗೂಡಿಸುತ್ತಿದ್ದರು. ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ಆದರೆ ಹೆಣ್ಣಿನ ತಾಯಿ ಮೊದಲು ಅತ್ತಳು, ಆಮೇಲೆ ಅತ್ತೆಯಾಗುವವಳು ಅತ್ತಳು, ಕೊನೆಗೆ ಗಂಡಿನ ಕಡೆಯ ಗಾಡಿ ಹೊಡೆಯುವವನೂ ಟವೆಲ್ಲಿನಿಂದ ಮೂಗು ಒರೆಸಿಕೊಂಡ.

ಇಷ್ಟು ವಿವರವಾಗಿ ಬರೆದೆನಲ್ಲ, ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ಅವ್ವನ ಪ್ರಕಾರ ನಾನು ಆ ಮದುವೆಗೆ ಹೋಗಿರಲೇ ಇಲ್ಲ. “ನೀ ಅವತ್ತ ಧಾರವಾಡದಾಗಿದ್ದಿ ಬೇ. ಪರೀಕ್ಷಾ ಇತ್ತು ನಿಂದು. ಬಂದು ನಿನಗ ಹೇಳಿದಾಕಿ ನಾನs,” ಎನ್ನುತ್ತಿದ್ದಳು ಸಾಯುವವರೆಗೂ. ಬೇವಿನ ಗಿಡ, ಹಾರ್ನು, ಗಾಡಿಯವನ ಟವೆಲ್ಲು ನನಗೆ ಕಣ್ಣಿಗೆ ಕಟ್ಟಿದಂತಿವೆ. ಅವ್ವ ಚೆನ್ನಾಗಿ ಕಥೆ ಹೇಳುತ್ತಿದ್ದಳು ಎಂಬುದೂ ನಿಜ.

ಅಲ್ಲಿಂದ ಮುಂದೆ ಆ ಪ್ಲೇಟು ಇಲ್ಲದೆ ನಮ್ಮ ಸೀಮೆಯಲ್ಲಿ ಹೆಣ್ಣು ಹೊರಡುವಂತಿರಲಿಲ್ಲ. “ಅಳೂ ಪ್ಲೇಟ ತರತಿ ಇಲ್ಲೋ?” ಎಂದು ಮೊದಲೇ ಕೇಳಿ ಕಾಕಾನನ್ನು ಗೊತ್ತುಮಾಡುತ್ತಿದ್ದರು. ಕೀಲಿ ಮೂವತ್ಮೂರರಲ್ಲೇ ಉಳಿಯಿತು.

“ಕಾಕಾ, ಸಣ್ಣ ಪ್ಲೇಟು ಜೋರಾಗಿ ತಿರಗಬೇಕಲ್ಲೇನು?” ಎಂದು ಮುಂದೊಮ್ಮೆ ಕೇಳಿದ್ದೆ.

“ಮೂವತ್ತ ವರ್ಷ ಆತು ಪ್ಲೇಟ ತಿರವಾಕತ್ತು, ನನಗ ಗೊತ್ತಿಲ್ಲೇನಬೇ? ಆದ್ರ ಮಂದಿ ಅಳಾಕತ್ತಾರ. ಅಳೂ ಮಂದಿನ್ನ ತಡದು ಕೀಲಿ ತಿರವಂತಿ ಏನು?”

ಹಾಡಿನ ಬಗ್ಗೆ ಅವನದೇ ಒಂದು ವಿಮರ್ಶೆ ಇತ್ತು. ಮೊಹರಮ್ಮಿನಲ್ಲಿ ಅಲಾವಿಯ ಬೆಂಕಿಕುಣಿಯ ಮುಂದೆ ರಿವಾಯತ್ ಎಂಬ ಶೋಕದ ಪದ ಹಾಡುವ ಮೇಳದಲ್ಲಿ ಕಾಕಾ ಇದ್ದವನು. “ಇದು ನಮ್ಮ ರಿವಾಯತ ಇದ್ದಂಗ ಐತಿ ನೋಡು. ಒಬ್ಬಾಂವ ಮುಂದ ಹೇಳತಾನ, ಹಿಂದಿನಾವ್ರು ಎತಗೋತಾರ. ಪೇಟಿನೂ ಬಾರಸಾಕತ್ತಾರ. ಇವ್ರು ಯಾವ ಊರಾವ್ರರೆ ಇರಲಿ, ಅಲಾವಿ ಮುಂದ ಕುಣದ ಮಂದಿನs ಇರಬೇಕು.” ಆ ಬಗೆಯ ಸಂಗೀತಕ್ಕೆ ಸೋಲ್ ಅನ್ನುತ್ತಾರೆ, ರಿದಮ್ ಅಂಡ್ ಬ್ಲೂಸ್ ಅನ್ನುತ್ತಾರೆ, ಅದು ಅಮೆರಿಕದ ಕರಿಯ ಜನರ ಚರ್ಚುಗಳಲ್ಲಿ ಒಬ್ಬರು ಕರೆದು ಹಲವರು ಓಗೊಡುವ ಹಾಡಿಕೆಯಿಂದ ಹೊರಬಂದದ್ದು ಎಂದೆಲ್ಲ ನಾನು ಪುಸ್ತಕಗಳಲ್ಲಿ ಓದಿದ್ದು ಬಹಳ ವರ್ಷಗಳ ಮೇಲೆ. ಕಾಕಾ ಅದನ್ನು ಚಪ್ಪಲಿಯ ಬಿಲ್ಲೆ ತುರುಕಿದ ದಿನವೇ ಹೇಳಿಬಿಟ್ಟಿದ್ದ. ಸೋಲ್ ಎಂದರೆ ಆತ್ಮ ಎಂದು ಕನ್ನಡಿಸಬಹುದು. ಆದರೆ ನನ್ನ ಕನ್ನಡಿಸುವಿಕೆಯ ಚರಿತ್ರೆ ತಿಳಿದವರು ಅದನ್ನು ನಂಬಬಾರದು.

ಆ ಚರಿತ್ರೆ ಹೀಗಿದೆ. ನಾನಾಗ ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದೆ. ಓಣಿಗೆಲ್ಲ ನಾನೊಬ್ಬಳೇ ಅಷ್ಟು ಇಂಗ್ಲಿಷ್ ಕಲಿತವಳು. ಕಾಲೇಜಿನ ಸೂಟಿಗೆ ಊರಿಗೆ ಬಂದಾಗ ಔಷಧದ ಬಾಟಲಿಯಿಂದ ಹಿಡಿದು ತಂತಿಯವರೆಗೆ ಎಲ್ಲವೂ ನನ್ನ ಮುಂದೆ ಬರುತ್ತಿದ್ದವು. ಒಂದು ದಿನ ಕಾಕಾ ಕರೆದ.

“ಯವ್ವಾ, ನೀ ದೊಡ್ಡ ಸಾಲಿ ಕಲ್ತಾಕಿ. ಈ ಮನಷ್ಯಾ ಏನಂತಾನ ಒಂದೀಟ ಹೇಳು. ಮಂದಿ ಕೇಳತಾರ, ನಾ ಬಾಯಿ ಬಾಯಿ ಬಿಡತೇನಿ.”

ಪ್ಲೇಟು ಹಾಕಿದ. ನಾನು ಕಣ್ಣುಮುಚ್ಚಿ ಕೇಳಿದೆ. ವಿದ್ವಾಂಸರು ಕಣ್ಣುಮುಚ್ಚಿ ಕೇಳುತ್ತಾರೆಂದು ಎಲ್ಲೋ ನೋಡಿದ್ದೆ. ಎರಡನೆಯ ಸಲ ಹಾಕಿಸಿದೆ, ಮೂರನೆಯ ಸಲ ಹಾಕಿಸಿದೆ. ಆ ನಿಧಾನದಲ್ಲಿ ಮಾತುಗಳು ಬೆಲ್ಲದ ಪಾಕದ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಇಡೀ ಹಾಡಿನಲ್ಲಿ ಬಾಗಿಲು ಎಂಬ ಒಂದು ಶಬ್ದ ಮಾತ್ರ ನನಗೆ ಖಂಡಿತವಾಗಿ ತಿಳಿಯಿತು. ಒಂದೇ ಶಬ್ದ ತಿಳಿಯಿತು ಎನ್ನಲು ನಾಚಿಕೆಯಾಯಿತು. ಪರದೆಯ ಹಿಂದೆ ಕಾಕಾನ ಮಗಳು ಜೈತೂನ ಅಕ್ಕಿ ಆರಿಸುತ್ತ ಕಿವಿಗೊಟ್ಟಿದ್ದಳು. ಆಕೆಗೆ ಹತ್ತೊಂಬತ್ತೋ ಇಪ್ಪತ್ತೋ. ನನ್ನನ್ನು ಅಕ್ಕಾರ ಎಂದು ಕರೆಯುತ್ತಿದ್ದಳು, ನಾನು ಎಲ್ಲ ಬಲ್ಲವಳೆಂದು ನಂಬಿದ್ದಳು.

ನಾನು ಹೇಳಿದೆ: “ಇವ ಅಪ್ಪ, ಕಾಕಾ. ಮಗಳನ್ನ ಗಂಡನ ಮನಿಗಿ ಕಳಸಾಕತ್ತಾನ. ನಾ ಬಾಗಲಾ ಹಾಕೂದಿಲ್ಲ ಮಗಳ, ನೀ ಯಾವಾಗ ಬಂದ್ರೂ ತೆರದs ಇರತೈತಿ, ಅಂತಾನ.”

ಕಾಕಾ ಪ್ಲೇಟು ತೆಗೆದು ಅಂಗಿಯ ತುದಿಯಿಂದ ಒರೆಸಿದ. ಆಮೇಲೆ, “ಹಂಗಾರ ಮಂದಿ ಸುಳ್ಳs ಅತ್ತಿಲ್ಲ ಬಿಡು,” ಎಂದ.

ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಕಾಕಾ ಮೈಕಿನ ಮನುಷ್ಯ. ಮುಂದಿನ ಮದುವೆಯಿಂದ ಪ್ಲೇಟು ಹಾಕುವ ಮೊದಲು ಘೋಷಣೆ ಶುರುಮಾಡಿದ: “ಕೇಳ್ರೆಪ್ಪಾ ಕೇಳ್ರಿ! ಈಗ ಹೆಣ್ಣ ಕಳಸೂ ಹಾಡು. ಪರದೇಶದ ಅಪ್ಪ ಮಗಳಿಗಿ ಏನಂತಾನಂದ್ರ, ನಾ ಬಾಗಲಾ ಹಾಕೂದಿಲ್ಲ ಮಗಳ, ನಾ ಬಾಗಲಾ ಹಾಕೂದಿಲ್ಲ!” ನನ್ನ ಒಂದು ಸಾಲಿನ ಸುಳ್ಳು ಗಿಡಗಳ ಮೇಲಿನಿಂದ ಟಿಕೋಟಾ ಸಂತೆಯವರೆಗೆ ಕೇಳತೊಡಗಿತು. ಮುಂದೆ ಮೂವತ್ತು ವರ್ಷ ಪಾಠ ಹೇಳಿದೆ, ಲೇಖನಗಳನ್ನು ಬರೆದೆ. ನಾನು ರಚಿಸಿದ ಇನ್ನಾವ ಮಾತೂ ಅಷ್ಟು ದೂರ ಹೋಗಲಿಲ್ಲ.

ಅದೇ ಪ್ಲೇಟಿನ ಮೇಲೆ ಜೈತೂನಳ ಮದುವೆಯೂ ಆಯಿತು. ಜೈನಾಪುರಕ್ಕೆ ಕೊಟ್ಟರು. ಹೊಲ-ಮನೆ ಇದ್ದ ಕುಟುಂಬ. ಕಾಕಾ ಆ ದಿನವೂ ಮೈಕು ಬೇರೆಯವರ ಕೈಗೆ ಕೊಡಲಿಲ್ಲ. ಬಾಗಲಾ ಹಾಕೂದಿಲ್ಲ ಎಂದು ಒಮ್ಮೆ ಹೇಳಿದ. ಎರಡನೆಯ ಸಲ ಹೇಳದೆ ಮುಳ್ಳು ಇಳಿಸಿಬಿಟ್ಟ. ಪ್ಲೇಟು ಮುಂದಿನದನ್ನು ನೋಡಿಕೊಂಡಿತು.

ಒಂಬತ್ತು ತಿಂಗಳಿಗೆ ಜೈತೂನ ಒಬ್ಬಳೇ ಬಸ್ಸು ಹತ್ತಿ ಬಂದಳು. ಕೈಯಲ್ಲಿ ಚೀಲವಿಲ್ಲ, ಉಟ್ಟ ಸೀರೆ, ಕಾಲಲ್ಲಿ ಚಪ್ಪಲಿ. ಮೊದಲ ವಾರ ಏನೂ ಹೇಳಲಿಲ್ಲ. ಆಮೇಲೆ ನಮ್ಮ ಅವ್ವನ ಮುಂದೆ ಹೇಳಿದ್ದು ನನಗೆ ತಿಳಿಯಿತು. ಗಂಡ ಹೊಡೆಯುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ. ಹೊಲಕ್ಕೆ ಹೋಗುವಾಗ ಹೊರಗಿನಿಂದ ಚಿಲಕ ಹಾಕಿ ಬೀಗ ಜಡಿದು ಹೋಗುತ್ತಿದ್ದ. ದಿನಾಲೂ. ಸಂಶಯ ಯಾರ ಮೇಲೆಂದು ಅವನಿಗೇ ಗೊತ್ತಿರಲಿಲ್ಲ. “ಕುಡಿಯಾಕ ನೀರು ಇಟ್ಟಿರತಿದ್ರು ಯವ್ವಾ, ಅದೇನ ತಪ್ಪ ಹೇಳಾಕ ಬರೂದಿಲ್ಲ,” ಎಂದಳಂತೆ. ಅವ್ವ ಈ ಮಾತನ್ನು ಎಷ್ಟೋ ಸಲ ನೆನೆಸಿಕೊಳ್ಳುತ್ತಿದ್ದಳು.

ಕಾಕಾ ಎರಡು ಮನಸ್ಸಿನಲ್ಲಿದ್ದ. ಮಗಳ ಮುಖ ನೋಡಿದರೆ ಇರಲಿ ಅನ್ನಿಸುತ್ತಿತ್ತು, ಅಂಗಡಿಗೆ ಬಂದವರ ಮುಖ ನೋಡಿದರೆ ಕಳಿಸಬೇಕು ಅನ್ನಿಸುತ್ತಿತ್ತು. ಹಬ್ಬದ ಮೇಲೆ ಜೈನಾಪುರದಿಂದ ಹಿರಿಯರು ಬರುತ್ತಾರೆ, ಆಗ ನೋಡೋಣ ಎನ್ನುತ್ತಿದ್ದ. ಹೀಗೆಂದರೆ ಕಳಿಸುತ್ತಾನೆಂದೇ ಅರ್ಥ. ಜೈತೂನಳಿಗೂ ಅದು ಗೊತ್ತಿತ್ತು.

ಆ ಬೇಸಿಗೆಯ ಸೂಟಿಯಲ್ಲಿ ಒಂದು ಮಧ್ಯಾಹ್ನ ಕಾಕಾ ಹಾರ್ನು ಕಟ್ಟಲು ಬಬಲೇಶ್ವರಕ್ಕೆ ಹೋಗಿದ್ದ. ಅಳೂ ಪ್ಲೇಟು ಒಯ್ದಿರಲಿಲ್ಲ, ಅಲ್ಲಿ ಮದುವೆಯಲ್ಲ, ಕುಸ್ತಿ. ಜೈತೂನ ನನ್ನನ್ನು ಕರೆದು, “ಅಕ್ಕಾರ, ಒಂದ ಮಜಾ ತೋರಸ್ತೇನಿ,” ಎಂದು ಪ್ಲೇಟು ಹಾಕಿ ಕೀಲಿಯನ್ನು ನಲವತ್ತೈದಕ್ಕೆ ತಿರುಗಿಸಿದಳು.

ಆ ಗಂಡಸು ಎದ್ದು ಹೆಂಗಸಾದ. ಐದು ವರ್ಷ ಸೀಮೆಯ ತಂದೆಯರ ಪರವಾಗಿ ಅತ್ತ ಆ ದಪ್ಪ ದನಿ, ಬಾಯ್ತುಂಬ ಎಲೆ ಹಾಕಿಕೊಂಡು ಜಗಳಕ್ಕೆ ನಿಂತಂಥ ಗಟ್ಟಿಗಿತ್ತಿಯ ದನಿಯಾಯಿತು. ಹಿಂದೆ ನರಳುತ್ತಿದ್ದವರು ಚಪ್ಪಾಳೆ ಹಾಕುವ ಹುಡುಗಿಯರಾದರು. ಕಾಕಾ ಪೇಟಿ ಎಂದಿದ್ದ ವಾದ್ಯ ಕುಣಿಯಿತು. ಮಾತುಗಳು ಪಾಕ ಬಿಟ್ಟು ಒಂದೊಂದಾಗಿ ಉದುರಿದವು, ನನಗೆ ತಿಳಿದವು. ಆಕೆ ಯಾವನಿಗೋ ಹೇಳುತ್ತಿದ್ದಳು: ನಿನ್ನ ಪೆಟ್ಟಿಗೆ ಹೊರಗಿಟ್ಟಿದ್ದೇನೆ, ಟೋಪಿಯನ್ನು ಅದರ ಮೇಲಿಟ್ಟಿದ್ದೇನೆ, ನಡೆ. ಬಾಗಿಲು ಹಾಕುವ ಸದ್ದು ಚೆನ್ನಾಗಿ ಕೇಳಿಕೊಂಡು ಹೋಗು, ಮತ್ತೆ ಇದು ನಿನಗೆ ತೆರೆಯುವುದಿಲ್ಲ. ಹಿಂದಿನವರು ಪ್ರತಿ ಸಾಲಿಗೂ, ನಡೆ ನಡೆ ಎನ್ನುತ್ತಿದ್ದರು.

ಜೈತೂನಳಿಗೆ ಹೇಳಿದೆ. ಆಕೆ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಇನ್ನೊಮ್ಮೆ ಹಾಕಿದಳು, ಮತ್ತೊಮ್ಮೆ ಹಾಕಿದಳು. “ಟೋಪಿಗಿನೂ ಬಿಟ್ಟಿಲ್ಲಲ್ರಿ ಆಕಿ!” ಎಂದು ನೆಲ ಬಡಿದಳು. ಆಮೇಲೆ ಮುಳ್ಳು ಎತ್ತಿಟ್ಟು, “ಅಕ್ಕಾರ, ಅಬ್ಬಾಗ ಇದನ್ನ ಹೇಳಬ್ಯಾಡ್ರಿ,” ಎಂದಳು.

“ಯಾಕ? ಅಂವಗೂ ನಗು ಬರತಿತ್ತು.”

“ಅಬ್ಬಾನ ಮುಂದ ಹಿಡಿಯಾಕ ನನ್ನ ಕೈಯಾಗ ಇರೂದು ಅದೊಂದs ಮಾತು. ಬಾಗಲಾ ಹಾಕೂದಿಲ್ಲ ಅನ್ನೂದು. ಅದು ಸುಳ್ಳಂತ ಗೊತ್ತಾದ್ರ ನಾ ಏನ ಹಿಡೀಲಿ?”

ನಾನು ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ಇಲ್ಲಿ ಸ್ವಲ್ಪ ನಿಂತು ಒಂದು ಮಾತು. ಆಮೇಲಿನ ವರ್ಷಗಳಲ್ಲಿ ಆ ಜಾತಿಯ ಹಾಡುಗಳನ್ನು ಹುಡುಕಿ ಹುಡುಕಿ ಕೇಳಿದ್ದೇನೆ. ಮೊದಲು ಕ್ಯಾಸೆಟ್ಟಿನಲ್ಲಿ, ಈಗ ಫೋನಿನಲ್ಲಿ. ನನ್ನ ವಿದ್ಯಾರ್ಥಿಗಳ ಮಕ್ಕಳೂ ಕೇಳುತ್ತಾರೆ. ಯಾಕೆ ಹಳತಾಗಿಲ್ಲ ಎಂದು ಕೇಳಿದರೆ ನನ್ನ ಹತ್ತಿರ ದೊಡ್ಡ ಉತ್ತರವಿಲ್ಲ. ಕೀಲಿ ಮಾತ್ರ ನೆನಪಾಗುತ್ತದೆ. ಆ ದನಿಯಲ್ಲಿ ಅಳುವೂ ನಗುವೂ ಬೇರೆ ಬೇರೆ ಕಡೆ ಇರಲಿಲ್ಲ. ನಿಧಾನ ಮಾಡಿದರೆ ಟಿಕೋಟಾ ಅತ್ತಿತು, ವೇಗ ಮಾಡಿದರೆ ಜೈತೂನ ನಕ್ಕಳು, ಪ್ಲೇಟು ಒಂದೇ. ಹೊರಗೆ ಹಾಕಿದವಳಿಗೂ ಎಲ್ಲೋ ನೋವಿತ್ತು, ಇಲ್ಲದಿದ್ದರೆ ಅಷ್ಟು ಜನ ಅಳುತ್ತಿರಲಿಲ್ಲ. ಇದೂ ನನ್ನ ಅನುವಾದವೇ ಆಗಿರಬಹುದು, ಎಚ್ಚರದಿಂದ ತೆಗೆದುಕೊಳ್ಳಿ.

ಜೈನಾಪುರದ ಹಿರಿಯರು ಬಂದರು. ಇಬ್ಬರು. ಒಬ್ಬರು ಗಂಡನ ದೊಡ್ಡಪ್ಪ, ಬಿಳಿ ಗಡ್ಡ, ಕಪ್ಪು ಛತ್ರಿ. ಕೆಟ್ಟ ಮನುಷ್ಯರಲ್ಲ. ಅಂಗಡಿಯ ಬೆಂಚಿನ ಮೇಲೆ ಕುಳಿತು ಚಹಾ ಕುಡಿದು, ಮಳೆ-ಬೆಳೆ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದರು. ಜೈತೂನ ನನ್ನನ್ನು ಕೂಗಿ ಕರೆಸಿ ಪರದೆಯ ಹತ್ತಿರ ಕೂರಿಸಿದ್ದಳು. ಓದಿದವರು ಒಬ್ಬರಿರಲಿ ಎಂದು.

“ಚಿಲಕಾ ಹಾಕಬ್ಯಾಡಂತ ಹುಡುಗಗ ಹೇಳೇವಿ ದಸ್ತಗೀರ,” ಎಂದರು ಛತ್ರಿಯ ಹಿರಿಯರು. “ಹೇಳೂದು ನಮ್ಮ ಕೆಲಸ. ಹೆಣ್ಣ ಹೆತ್ತಾವ್ರು ಇಷ್ಟ ಬಿಗಿ ಆಗಬಾರದು. ಮಧ್ಯಾಹ್ನದ ಬಸ್ಸಿಗಿ ಕಳಿಸಿಬಿಡು.”

ಕಾಕಾ ತಲೆ ತಗ್ಗಿಸಿ ಒಂದು ತಂತಿಯ ತುದಿಯನ್ನು ಸುಲಿಯುತ್ತಿದ್ದ. “ಹೂಂ,” ಎಂದ.

ಅಷ್ಟರಲ್ಲಿ ಒಳಗಿನಿಂದ ಪ್ಲೇಟು ಶುರುವಾಯಿತು. ಮೂವತ್ಮೂರರಲ್ಲಿ. ಜೈತೂನ ಪರದೆ ಸರಿಸಿ ಬಂದು ನಿಂತಳು.

“ಅಬ್ಬಾ, ಟಿಕೋಟಾದಾಗ ಹೇಳೀರಿ, ಘೋಣಸಗಿಯಾಗ ಹೇಳೀರಿ. ಮಂದಿ ಹೆಣ್ಣಮಕ್ಕಳಿಗೆಲ್ಲಾ ಹೇಳಿದ ಮಾತು ನನಗಷ್ಟ ಇಲ್ಲೇನ್ರಿ?”

ಹಿರಿಯರು ನಕ್ಕರು. “ಅದು ಹಾಡವಾ ತಂಗಿ. ಹಾಡಿನಾಗ ಏನರೆ ಅಂತಾರ. ಅದರಾಗ ಹಂಗ ಐತೋ ಇಲ್ಲೋ, ಯಾರಿಗ್ಗೊತ್ತು?”

ಕಾಕಾ ತಂತಿ ಕೆಳಗಿಟ್ಟು ನನ್ನ ಕಡೆ ನೋಡಿದ. “ನೀ ಹೇಳು ಯವ್ವಾ. ಖರೇ ಹೇಳು. ಹಾಡಿನಾಗ ಹಂಗ ಐತೇನು?”

ಪ್ಲೇಟು ತಿರುಗುತ್ತಿತ್ತು. ಜೈತೂನ ನನ್ನನ್ನು ನೋಡಲಿಲ್ಲ, ಪ್ಲೇಟನ್ನೇ ನೋಡುತ್ತಿದ್ದಳು. ನಾನು ಕಾಕಾನ ಕಣ್ಣಲ್ಲಿ ಕಣ್ಣಿಟ್ಟು, “ಹೌದು ಕಾಕಾ, ಹಂಗs ಐತಿ,” ಎಂದೆ. ಜೈತೂನ ಆ ಮಧ್ಯಾಹ್ನದ ಬಸ್ಸಿಗೆ ಹೋಗಲಿಲ್ಲ, ಮುಂದಿನ ಯಾವ ಬಸ್ಸಿಗೂ ಹೋಗಲಿಲ್ಲ. ತಲಾಖ್ ಆಯಿತು. ಅಂಗಡಿಯಲ್ಲಿ ತಂದೆಯ ಜೊತೆ ಕುಳಿತಳು, ತಂದೆಯ ನಂತರ ಅಂಗಡಿಯನ್ನು ತಾನೇ ನಡೆಸಿದಳು.

ಈ ಪ್ರಸಂಗವನ್ನು ನಾನು ತರಗತಿಗಳಲ್ಲಿ ಹೇಳಿದ್ದೇನೆ, ನಿವೃತ್ತಿಯ ಸಮಾರಂಭದಲ್ಲೂ ಹೇಳಿದ್ದೇನೆ. ಸಾಹಿತ್ಯ ಓದಿದ್ದರಿಂದ ಏನು ಪ್ರಯೋಜನ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಇದ್ದ ಉತ್ತರ ಇದೊಂದೇ: ಸರಿಯಾದ ಹೊತ್ತಿಗೆ ಒಂದು ಸರಿಯಾದ ಸುಳ್ಳು ಹೇಳಿ ಒಬ್ಬಳ ಬಾಗಿಲು ತೆರೆದಿಟ್ಟೆ. ಹೇಳುವಾಗಲೆಲ್ಲ ನನ್ನ ದನಿ ತುಸು ಕೆಳಗಿಳಿಯುತ್ತಿತ್ತು, ಮೂವತ್ಮೂರಕ್ಕೆ.

ಹಸಿರು ಬಿಲ್ಲೆ ಸಿಕ್ಕ ಮೇಲೆ ಅನುಮಾನ ಹುಟ್ಟಿತು. ಬಣ್ಣವೇ ತಪ್ಪಿದ್ದರೆ ಇನ್ನೇನು ತಪ್ಪಿದೆಯೋ. ಹೋದ ತಿಂಗಳು ವಿಜಯಪುರಕ್ಕೆ ಹೋದಾಗ ಬಿಲ್ಲೆಯನ್ನು ಪರ್ಸಿನಲ್ಲಿ ಹಾಕಿಕೊಂಡು ಹೋದೆ. ಓಣಿ ಅಗಲವಾಗಿದೆ, ಅಂಗಡಿ ಅಲ್ಲೇ ಇದೆ. ಈಗ ಮದುವೆಗೆ ದೀಪದ ಸರ, ದೊಡ್ಡ ದೊಡ್ಡ ಕಪ್ಪು ಪೆಟ್ಟಿಗೆಗಳನ್ನು ಕೊಡುತ್ತಾರೆ. ಜೈತೂನ ಕನ್ನಡಕ ಹಾಕಿಕೊಂಡು ಒಂದು ದೀಪದ ಸರದ ಗಂಟು ಬಿಡಿಸುತ್ತಿದ್ದಳು. ಮಾತಿಗೆ ಮಾತು ಬಂದು ಆ ದಿನದ ಕಥೆ ತೆಗೆದೆ. ನಾನು ಹೌದು ಅಂದದ್ದರಿಂದ ನೀನು ಉಳಿದೆ ಎಂಬಂತೆ ಏನೋ ಅಂದೆ.

ಆಕೆ ಕನ್ನಡಕ ತೆಗೆದಳು. “ಹೌದು ಅಂದ್ರೆಲ್ಲಿ ಅಕ್ಕಾರ? ಇಲ್ಲ ಅಂದ್ರಲ್ರಿ.”

“ಏನಂದೆ?”

“‘ಇಲ್ಲ ಕಾಕಾ, ನಾ ಸುಳ್ಳ ಹೇಳಿದ್ದೆ. ಹಾಡಿನಾಗ ಅಪ್ಪನೂ ಇಲ್ಲ, ಮಗಳೂ ಇಲ್ಲ. ನನಗ ಅವತ್ತ ತಿಳದಿರಲಿಲ್ಲ,’ ಅಂದ್ರಿ. ಅಂದು ಅಳಾಕತ್ತಿದ್ರಿ. ಮಾತ ಕೊಟ್ಟು ಹಿಂಗ ಮಾಡಿದ್ರಲ್ಲಂತ ನನಗ ನಿಮ್ಮ ಕುತ್ತಿಗಿ ಹಿಚಕಬೇಕು ಅನಸಿತ್ತ ನೋಡ್ರಿ.”

ಹಾಗೆ ಅತ್ತು ನಿಜ ಹೇಳಿದವಳ ಪರಿಚಯವೇ ನನಗಿಲ್ಲ. ಶೇಂಗಾ ಹೋಳಿಗೆ ತಿಂದು ತಲೆನೋವು ಎಂದು ಬರೆದಿಟ್ಟವಳು ಅವಳೇ ಇರಬೇಕು.

“ಮತ್ತ ನೀ ಹೆಂಗ ಉಳದಿ?”

“ನೀವು ಅಳಾಕತ್ತಿದ್ರಿ, ನಿಮಗ ಕೇಳಿಲ್ಲೇನೊ. ಆ ಹಿರ್ಯಾರು, ‘ನೋಡಪಾ, ಹಾಡಿನಾಗs ಇಲ್ಲಂತ,’ ಅಂತ ಎದ್ದು ಛತ್ರಿ ತಗೊಂಡ್ರು. ಅಬ್ಬಾ ತಂತಿ ಮತ್ತ ಕೈಯಾಗ ತಗೊಂಡ್ರು. ಆಮ್ಯಾಲ ಅಂದ್ರು, ‘ಹಾಡಿನಾಗ ಇಲ್ಲಂದ್ರ ಬಿಡ್ರಿ. ನಾ ಮೈಕಿನಾಗ ಹೇಳೇನಿ.’”

ಜೈತೂನ ಮತ್ತೆ ಕನ್ನಡಕ ಹಾಕಿಕೊಂಡು ಗಂಟಿಗೆ ಕೈ ಹಾಕಿದಳು. ನಾನು ಮಾತು ಬದಲಿಸಲು ಪರ್ಸಿನಿಂದ ಬಿಲ್ಲೆ ತೆಗೆದು ಕೊಟ್ಟೆ. ನನ್ನ ನೆನಪಿನಲ್ಲಿ ಇದು ನೀಲಿ ಇತ್ತೆಂದೆ.

“ನೀಲೀದು ಅಬ್ಬಾ ಕೊರದದ್ದ್ರಿ. ಅದು ಹರದ ಹೋತು. ಇದು ನಾ ಕೊರದದ್ದು,” ಎಂದು ಅಂಚನ್ನು ಹೆಬ್ಬೆರಳಿನಿಂದ ತಡವಿದಳು. “ಜೈನಾಪುರದಿಂದ ಬರುವಾಗ ಕಾಲಾಗಿದ್ವಲ್ಲ, ಆ ಚಪ್ಪಲ. ಹಿರ್ಯಾರು ಓಣಿ ದಾಟಿದ್ದs ತಡ, ಕತ್ತರಿ ತಗೊಂಡ ಕುಂತ್ನಿ. ಎಡಗಾಲಿಂದು ಪ್ಲೇಟಿಗಿ ಹಾಕಿದ್ನಿ, ಬಲಗಾಲಿಂದು ನಿಮಗ ಕೊಟ್ಟಿದ್ನಿ.”

“ಎರಡೂ ಚಪ್ಪಲಿ ಕೊರದೆ? ಒಂದರಾಗs ಎರಡು ಬಿಲ್ಲಿ ಆಗತಿದ್ವಲ್ಲ,” ಎಂದೆ. ದಿನಚರಿಯವರಿಗೆ ಇಂಥ ವಿವರ ಬೇಕು.

“ಆಗತಿದ್ವು ಖರೇ,” ಎಂದಳು ಜೈತೂನ. “ಆದ್ರ ನಾಳೆ ಅಬ್ಬಾನ ಮನಸ ತಿರಗಿ, ಒಂದs ಕಾಲಿಗಿ ಹಾಕ್ಕೊಂಡ ಜೈನಾಪುರಕ್ಕ ಹೋಗು ಅಂದಿದ್ರ?”